ಅಮ್ಮಿ ಕೇಳಿದ ಮನೆ

ವಯಸ್ಸಾದ ತಾಯಿಯನ್ನು ಜೊತೆಗಿಟ್ಟುಕೊಂಡರೆ ಮಕ್ಕಳ ಕರ್ತವ್ಯ ಮುಗಿಯುತ್ತದೆಯೇ? ಅಮ್ಮಿಯನ್ನು ಹಂಗಳದಿಂದ ಬೆಂಗಳೂರಿಗೆ ಕರೆತಂದಾಗ ನಾವು ಹಾಗೆಂದೇ ನಂಬಿದ್ದೆವು. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ನಮಾಜಿಗೆ ಪ್ರತ್ಯೇಕ ಕೋಣೆ, ಎಲ್ಲವೂ ಇತ್ತು. ಆದರೂ ಮಗ್ರಿಬ್ ಆದ ಮೇಲೆ ದಿನವೂ ಅದೇ ಪ್ರಶ್ನೆ: "ಘರ್‌ಕು ಕಬ್ ಜಾತೇ?"

ಉರ್ದುವಿನಲ್ಲಿ ಹುಟ್ಟೂರಿಗೆ 'ವತನ್' ಎಂಬ ಮಾತಿದೆ. ಅಮ್ಮಿ ಅದನ್ನು ಬಳಸುತ್ತಿರಲಿಲ್ಲ. ಆಕೆ ಕೇಳುತ್ತಿದ್ದುದು 'ಘರ್', ಮನೆ. ಆ ಮನೆಯನ್ನು ನಾವು ಅಣ್ಣತಮ್ಮಂದಿರು ಮಾರಿಯಾಗಿತ್ತು.

ಮಕ್ಕಳಿರುವ ವಿಧವೆಗೆ ಗಂಡನ ಆಸ್ತಿಯಲ್ಲಿ ಎಂಟನೇ ಒಂದು ಪಾಲು ಕುರ್‌ಆನ್ ಕೊಟ್ಟ ಹಕ್ಕು. ಆ ಹಣವನ್ನು ನಾವು ಆಕೆಯ ಹೆಸರಿನಲ್ಲೇ ಬ್ಯಾಂಕಿಗೆ ಹಾಕಿದ್ದೆವು. ಕಾಗದಕ್ಕೆ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡಿದ್ದೆವು. ಅದು ಯಾವ ಕಾಗದವೆಂದು ಮಾತ್ರ ಬಿಡಿಸಿ ಹೇಳಲಿಲ್ಲ. ಲೆಕ್ಕ ಚೊಕ್ಕವಾಗಿತ್ತು, ನಿಯತ್ತು ಚೊಕ್ಕವಾಗಿರಲಿಲ್ಲ. 'ಅವಳಿಗೆ ನೋವಾಗುತ್ತದೆ' ಎಂಬುದು ನಮ್ಮ ಸಮಜಾಯಿಷಿ.

ರಾತ್ರಿ ಮೊಮ್ಮಕ್ಕಳಿಗೆ ಅಮ್ಮಿ ಕಥೆ ಹೇಳುತ್ತಿದ್ದಳು. ಊಟಿ ರಸ್ತೆಯಲ್ಲಿ ಬೆಳಗಿನವರೆಗೂ ಓಡುತ್ತಿದ್ದ ಲಾರಿಗಳು, ಆ ಸದ್ದಿನಲ್ಲೇ ನಿದ್ದೆ ಹೋಗುತ್ತಿದ್ದ ನಾವು, ಗೋಪಾಲಸ್ವಾಮಿ ಬೆಟ್ಟದ ಮೇಲಿನ ಮಂಜು. ಒಂದು ದಿನ ಮೊಮ್ಮಗ ತಡೆದು ಹೇಳಿದ: "ದಾದೀ, ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ರಸ್ತೆ ಬಂದ್. ಲಾರಿಗಳೆಲ್ಲಿ?" 2009ರಲ್ಲಿ ಮೊದಲು ಬಂದ ಆ ನಿಷೇಧದ ಸಂಗತಿ ಅಮ್ಮಿಗೆ ಗೊತ್ತೇ ಇತ್ತು. "ನಾನು ಈಗಿನದ್ದು ಹೇಳ್ತಾ ಇಲ್ಲವಲ್ಲ" ಎಂದಳು.

ಆ ಮಾತು ನಮ್ಮನ್ನು ಚುಚ್ಚಿತು. ಹೋದದ್ದು ಹೋಗಿದೆಯೆಂದು ತಿಳಿದೇ ಆಕೆ ಕಥೆ ಹೇಳುತ್ತಿದ್ದಳು. ಹಾಗಾದರೆ ನಾವು ಸತ್ಯ ಮುಚ್ಚಿಟ್ಟದ್ದು ಯಾರ ನೆಮ್ಮದಿಗೆ?

ಹಿಜರಿ 8ರಲ್ಲಿ ಮಕ್ಕಾ ಕೈಸೇರಿದ ಮೇಲೂ ಪ್ರವಾದಿಯವರು (ಸ) ಅಲ್ಲಿ ನೆಲೆಸಲಿಲ್ಲ. ತಮಗೆ ಆಸರೆಯಿತ್ತ ಅನ್ಸಾರರ ಜೊತೆ ಮದೀನಾಕ್ಕೆ ಮರಳಿದರು, ಅಲ್ಲೇ ಕೊನೆಯುಸಿರೆಳೆದರು. ಹುಟ್ಟಿದೂರು ಬಿಟ್ಟು ಬೇರೆಡೆ ಬಾಳುವುದು, ಸಾಯುವುದು ತಪ್ಪಲ್ಲ. ಆದರೆ ಅದು ಅವರೇ ಮಾಡಿದ ತೀರ್ಮಾನ. ಅಮ್ಮಿಯ ತೀರ್ಮಾನವನ್ನು ನಾವು ಮಾಡಿದ್ದೆವು. ಮಾರಿದ್ದಕ್ಕಿಂತ ದೊಡ್ಡ ತಪ್ಪು ಅದು.

ಕೊನೆಗೆ ಹೇಳಿದೆವು, ಮಾಫಿ ಕೇಳಿದೆವು. ಎರಡು ದಿನ ಅಮ್ಮಿ ನಮ್ಮೊಡನೆ ಮಾತಾಡಲಿಲ್ಲ. ಮೂರನೆಯ ದಿನ ಕೇಳಿದಳು: "ಬಾವಿಯ ಎರಡನೇ ಮೆಟ್ಟಿಲು ಅಲುಗಾಡುತ್ತೆ ಅಂತ ಕೊಂಡವರಿಗೆ ಹೇಳಿದಿರಾ? ಅವರ ಮನೇಲಿ ಚಿಕ್ಕ ಮಕ್ಕಳಿದ್ದಾವಾ?"

ನಾವು ಹೇಳಿರಲಿಲ್ಲ. ಅಂದೇ ಹಂಗಳಕ್ಕೆ ಫೋನ್ ಮಾಡಿದೆವು.