ಎದೆಯೊಳಗಿನ ಕಾಯಕ



ಇಷ್ಟಲಿಂಗವನ್ನು ನಾವು ಎದೆಯ ಮೇಲೆ ಧರಿಸುತ್ತೇವೆ. ಅದರ ಹಿಂದೆ, ಎಲುಬಿನ ಗೂಡಿನೊಳಗೆ, ಮುಷ್ಟಿಯಷ್ಟಿರುವ ಹೃದಯವು ನಾವು ತಾಯಿಯ ಗರ್ಭದಲ್ಲಿದ್ದಾಗಿನಿಂದ ದುಡಿಯುತ್ತಿದೆ. ಇದನ್ನೇ ಪ್ರಾಣಲಿಂಗವೆಂದು ತಿಳಿಯಬಾರದು. ಅದು ಅನುಭಾವದ ಮಾತು, ಇದು ದೇಹದ ಮಾತು. ಆದರೆ ಕಾಯಕಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಹೃದಯಕ್ಕೆ ನಾಲ್ಕು ಕೋಣೆಗಳು: ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಬಲಭಾಗವು ಮೈಯಿಂದ ಬಂದ ರಕ್ತವನ್ನು ಪುಪ್ಪುಸಕ್ಕೆ ಕಳಿಸುತ್ತದೆ. ಎಡಭಾಗವು ಅಲ್ಲಿಂದ ಆಮ್ಲಜನಕ ತುಂಬಿ ಬಂದುದನ್ನು ಮೈಗೆಲ್ಲ ಹಂಚುತ್ತದೆ. ಲೆಕ್ಕ ಬರೆಯುವವನ ಚಟ, ಕೂಡಿಸಿ ನೋಡಿದೆ. ಬಡಿತಕ್ಕೆ 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತವೆಂದು ಹಿಡಿದರೆ ನಿಮಿಷಕ್ಕೆ ಸುಮಾರು 5 ಲೀಟರ್, ದಿನಕ್ಕೆ 7,200 ಲೀಟರ್. ಬಡಿತಗಳೇ ದಿನಕ್ಕೆ ಲಕ್ಷಕ್ಕೂ ಮಿಕ್ಕಿ!

ಈ ಪಂಪಿಗೆ ಕರೆಂಟು ಎಲ್ಲಿಂದ? ಬಾವಿಯ ಮೋಟಾರಿಗೆ ಹೊರಗಿನ ತಂತಿ ಬೇಕು. ಹೃದಯ ತನ್ನ ಕರೆಂಟನ್ನು ತಾನೇ ಹುಟ್ಟಿಸುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಎಸ್.ಎ. ನೋಡ್ ಎಂಬ ಸಣ್ಣ ಗಂಟಿದೆ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಅದನ್ನು ಕಂಡುಹಿಡಿದರು. ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕಣಗಳು ಜೀವಕೋಶದ ಒಳಹೊರಗೆ ಸರಿದಾಡುವುದರಿಂದ ಅಲ್ಲಿ ವಿದ್ಯುತ್ತು ಏಳುತ್ತದೆ. ಮಿದುಳಿನ ನರಗಳು ವೇಗವನ್ನು ಹೆಚ್ಚು ಕಡಿಮೆ ಮಾಡುತ್ತವೆ, ಅಷ್ಟೇ. ಅಲೆಯು ಮೇಲಿನ ಕೋಣೆಗಳನ್ನು ದಾಟಿ ನಡುವಿನ ಎ.ವಿ. ನೋಡ್‌ನಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡೆಯುತ್ತದೆ. ಮೇಲಿನ ಕೋಣೆ ಪೂರ್ತಿ ಬರಿದಾಗಲೆಂದು ಈ ತಡೆ. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸುವ ತನಕ ಕೈ ತಡೆದು ಕೂತಂತೆ. ಆಮೇಲೆ ಕೆಳಗಿನ ಕೋಣೆಗಳಿಗೆ ಹರಡುತ್ತದೆ. ಎಸ್.ಎ. ನೋಡ್ ಸೋತರೆ ಎ.ವಿ. ನೋಡ್ ನಿಮಿಷಕ್ಕೆ 40ರಿಂದ 60ರ ನಿಧಾನಗತಿಯಲ್ಲಿ ನಡೆಸುತ್ತದೆ. ಅಣ್ಣ ಮಲಗಿದರೆ ತಮ್ಮ ಗಳೆ ಹೊಡೆದಂತೆ.

ಇನ್ನು ದಾಸೋಹ. ಹೃದಯದ ಮಾಂಸಕ್ಕೂ ರಕ್ತ ಬೇಕಷ್ಟೆ. ಎಡ ಹೃತ್ಕುಕ್ಷಿಯು ತನ್ನ ಪಾಲನ್ನು ಬಹುಮಟ್ಟಿಗೆ ಪಡೆಯುವುದು ಮೈಗೆಲ್ಲ ಹಂಚಿ, ಸಡಿಲಾದ ಮೇಲೆ. ದಾಸೋಹದ ಮನೆಯಲ್ಲಿ ಬಡಿಸಿದವರು ಕಡೆಗೆ ಉಣ್ಣುವುದಿಲ್ಲವೇ! ಆ ಪಾಲು ತರುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದೇ ಹಾರ್ಟ್ ಅಟ್ಯಾಕ್. ಹೊತ್ತು ಹೋದಷ್ಟೂ ಮಾಂಸ ಸಾಯುತ್ತದೆ.

ಅಕ್ಕಲಕೋಟ, ಜತ್ತ ಭಾಗದ ನಮ್ಮವರು ಎದೆ ಹಿಡಿದರೆ ವಾಯು ಎಂದು ಸೋಡಾ ಕುಡಿಯುತ್ತಾರೆ. ರಾಶಿ ಮುಗಿಯಲಿ, ಸಂತೆ ಮುಗಿಯಲಿ ಎನ್ನುತ್ತಾರೆ. ಇದು ಕಾಯಕನಿಷ್ಠೆಯಲ್ಲ, ಹಟ. ಎದೆಯ ನಡುವೆ ಭಾರ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ 108ಕ್ಕೆ ಕರೆ ಮಾಡಿರಿ. ಸಕ್ಕರೆ ರೋಗಿಗಳಿಗೆ ನೋವೇ ಇಲ್ಲದೆ ಬರೀ ದಮ್ಮು, ಸುಸ್ತು ಬರಬಹುದು. ಮರಾಠಿ ಬಾರದ ಹಿರಿಯರಿಗೆ ‘ಛಾತೀತ್ ದುಖತಂಯ್’ ಎಂಬ ಎರಡು ಮಾತು ಕಲಿಸಿಡಿರಿ. ಎದೆಯ ವಿದ್ಯುತ್ತನ್ನು ಚರ್ಮದ ಮೇಲಿಂದ ಬರೆದುಕೊಳ್ಳುವ ಇ.ಸಿ.ಜಿ.ಯನ್ನು ರೂಪಿಸಿದ ಐಂತೋವನ್‌ಗೆ 1924ರಲ್ಲಿ ನೊಬೆಲ್ ಬಂತು. ಮೊದಲ ಪಟ್ಟಿ ಸರಿಯಿದ್ದರೂ ಡಾಕ್ಟರು ಇನ್ನೊಮ್ಮೆ ತೆಗೆಯುತ್ತೇವೆಂದರೆ ಮನೆಗೆ ಹೊರಡದೆ ಅಲ್ಲಿಯೇ ಕೂತಿರಿ.