ಉಳ್ಳಾಗಡ್ಡಿಗೆ ಎಳೆದ ಕೆಂಪು ಗೆರೆ

ಅಳ್ನಾವರದ ಒಂದು ಶಾಲೆಯಲ್ಲಿ ನಾನು ಮೂರನೆಯ ಇಯತ್ತೆಗೆ ಕನ್ನಡ ಕಲಿಸುತ್ತಿದ್ದಾಗಿನ ಮಾತು. ಹೊಸ ಶಬ್ದ ಕಲಿಸುವ ಮೊದಲು ಮಕ್ಕಳ ಹತ್ತಿರ ಯಾವ ಶಬ್ದಗಳಿವೆ ನೋಡೋಣವೆಂದು, ‘ನಿಮ್ಮ ಮನೆಯಲ್ಲಿರುವ ಹತ್ತು ವಸ್ತುಗಳ ಹೆಸರು ಬರೆಯಿರಿ’ ಎಂದೆ. ಒಬ್ಬ ಹುಡುಗಿ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡು ಬಂದಳು. ಅದರಲ್ಲಿ ಚರಗಿ, ಕಸಬರಗಿ, ಉಳ್ಳಾಗಡ್ಡಿ, ಬಟಾಟಿ, ಶೇಂಗಾ ಇದ್ದವು. ನಾನು ಈ ಐದಕ್ಕೂ ಕೆಂಪು ಗೆರೆ ಎಳೆದು ಮೇಲೆ ಚೊಂಬು, ಪೊರಕೆ, ಈರುಳ್ಳಿ, ಆಲೂಗಡ್ಡೆ, ಕಡಲೆಕಾಯಿ ಎಂದು ಬರೆದೆ. ಹತ್ತಕ್ಕೆ ಐದು ಅಂಕ ಕೊಟ್ಟೆ. ಕರ್ತವ್ಯ ಮಾಡಿದ ಸಮಾಧಾನವೂ ಆಯಿತು.

ಮುಂದಿನ ಸಂತೆಯ ದಿನ ಚೀಲ ಹಿಡಿದು ಹೋದೆ. ಆ ಹುಡುಗಿಯ ತಾಯಿ ಅಲ್ಲಿ ಕಾಯಿಪಲ್ಲೆ ಮಾರುತ್ತಿದ್ದಳು. ನನ್ನನ್ನು ಕಂಡವಳೇ ಮಗಳು ಅವಳ ಬೆನ್ನಿಗೆ ಸರಿದಳು.

“ಅಕ್ಕೋರ, ಒಂದು ಮಾತು ಕೇಳ್ಲೇನ್ರಿ? ನಾ ಉಳ್ಳಾಗಡ್ಡಿ ಅಂತ ಕೂಗಿದ್ರ ಈಕಿ, ಹಂಗ ಅನಬ್ಯಾಡವ್ವಾ, ಅದು ತಪ್ಪು ಅಂತಾಳ್ರಿ. ನಾವು ಇಷ್ಟು ದಿನಾ ತಪ್ಪು ಅಂದೇವೇನ್ರಿ?”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ನನಗೆ ಉತ್ತರ ಹೊಳೆಯದೆ, “ಒಂದು ಕಿಲೊ ಉಳ್ಳಾಗಡ್ಡಿ ಕೊಡವಾ” ಎಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ನನ್ನ ಬಾಯಿಗೂ ಬಂದದ್ದು ಅದೇ ಶಬ್ದ.

ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಾನು ಗೆರೆ ಎಳೆದದ್ದು ಶಬ್ದಕ್ಕೆ ಅಲ್ಲ, ಆ ತಾಯಿಗೆ ಎನ್ನಿಸಿತು. ಮಗು ಮೊದಲ ಶಬ್ದಗಳನ್ನು ಕಲಿಯುವುದು ಅವ್ವನ ಬಾಯಿಂದ. ಆ ಶಬ್ದ ತಪ್ಪಾದರೆ ಅವ್ವನೂ ತಪ್ಪು ಎಂದೇ ಎಂಟು ವರ್ಷದ ಮಗು ತಿಳಿಯುತ್ತದೆ. ಇದೇ ಧಾರವಾಡದ ಮನೆಮಾತಿನಲ್ಲಿ ಕಾವ್ಯ ಕಟ್ಟಿದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಪ್ರಶಸ್ತಿ ಬಂದಾಗ ನಾವು ಎದೆಯುಬ್ಬಿಸಿದವರು. ಕವಿಯ ಬಾಯಲ್ಲಿ ಹಿರಿಮೆಯಾದ ಮಾತು ಕಾಯಿಪಲ್ಲೆ ಮಾರುವವಳ ಬಾಯಲ್ಲಿ ತಪ್ಪು ಹೇಗಾದೀತು?

ಹಾಗೆಂದು ‘ಮನೆಮಾತೇ ಸಾಕು’ ಎಂದು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಒಂದು ರಾಜ್ಯಕ್ಕೆ ಒಂದು ಪಠ್ಯಪುಸ್ತಕ ಎಂದಮೇಲೆ ಯಾವುದೋ ಒಂದು ಶಬ್ದವನ್ನು ಆರಿಸಲೇಬೇಕು. ಈರುಳ್ಳಿ ಗೊತ್ತಿಲ್ಲದ ಹುಡುಗಿಗೆ ನಾಳೆ ಪರೀಕ್ಷೆಯ ಪ್ರಶ್ನೆ ತಿಳಿಯುವುದಿಲ್ಲ, ಬೆಂಗಳೂರಿನ ಅಂಗಡಿಯ ಫಲಕ ತಿಳಿಯುವುದಿಲ್ಲ. ಎರಡೂ ಶಬ್ದ ಬಲ್ಲ ನಾನು, ‘ನಿನಗೆ ಒಂದೇ ಸಾಕು’ ಎಂದರೆ ಅದು ಪ್ರೀತಿಯ ಹೆಸರಿನಲ್ಲಿ ಮಾಡಿದ ಮೋಸ.

ಹಾಗಾದರೆ ಹೊಸ ಶಬ್ದ ಕೊಡಬೇಕು, ಹಳೆಯದನ್ನು ಕಸಿಯಬಾರದು. ಇದು ನೀತಿಯ ಮಾತಷ್ಟೇ ಅಲ್ಲ, ಕಲಿಸುವ ದಾರಿಯೂ ಅದೇ ಎಂಬುದು ನನಗೆ ತಡವಾಗಿ ತಿಳಿಯಿತು. ‘ಕಾನನ ಅಂದರೆ ಅರಣ್ಯ’ ಎಂದು ಮಕ್ಕಳಿಂದ ಹತ್ತು ಸಲ ಬರೆಸಿದ್ದೆ. ‘ಅರಣ್ಯ ಅಂದರೇನು?’ ಎಂದಾಗ ಇಡೀ ವರ್ಗ ಸುಮ್ಮನೆ ಕುಳಿತಿತು. ‘ಅಡವಿ’ ಎಂದೆ. ಹತ್ತು ಕೈ ಮೇಲೆದ್ದವು! ಒಬ್ಬ ಕಟಗಿ ತರಲು ಹೋದದ್ದು ಹೇಳಿದ, ಒಬ್ಬಳು ನವಿಲು ಕಂಡದ್ದು ಹೇಳಿದಳು. ಅಳ್ನಾವರ ದಾಟಿ ದಾಂಡೇಲಿಯ ದಾರಿ ಹಿಡಿದರೆ ಸಿಗುವುದು ಅಡವಿಯೇ ಅಲ್ಲವೆ? ಹೊಸ ಶಬ್ದವನ್ನು ಕಟ್ಟಲು ಒಂದು ಹಳೆಯ ಗೂಟ ಬೇಕು. ನಾನು ಆ ಗೂಟವನ್ನೇ ಕೀಳುತ್ತಿದ್ದೆ.

ಅಂದಿನಿಂದ ಹಲಗೆಯ ಮೇಲೆ ‘ಮನೆಯಲ್ಲಿ’, ‘ಪುಸ್ತಕದಲ್ಲಿ’ ಎಂದು ಎರಡು ಸಾಲು ಮಾಡಿದೆ. ಮರಾಠಿ ಮನೆಯ ಹುಡುಗ ‘ಕಾಂದಾ’ ಎಂದ, ಉರ್ದು ಮನೆಯ ಹುಡುಗಿ ‘ಪ್ಯಾಜ್’ ಎಂದಳು. ಅವೂ ಮನೆಯ ಸಾಲಿಗೆ ಸೇರಿದವು. ಪುಸ್ತಕದಲ್ಲಿ ಚಿಕ್ಕ ಮಗುವನ್ನು ‘ಪುಟಾಣಿ’ ಎಂದಿರುವುದನ್ನು ಓದಿ ಮಕ್ಕಳು ಬಿದ್ದು ಬಿದ್ದು ನಕ್ಕರು. ನಮ್ಮ ಕಡೆ ಪುಟಾಣಿ ಎಂದರೆ ಚುರಮುರಿಗೆ ಹಾಕುವ ಹುರಿಗಡಲೆ! ಆ ನಗುವಿನಲ್ಲಿ ಎರಡು ಅರ್ಥವೂ ಮನಸ್ಸಿನಲ್ಲಿ ಉಳಿದವು. ಎಲ್ಲ ಶಬ್ದಕ್ಕೂ ಒಂದೇ ಹೊತ್ತು ಕೊಡುವುದನ್ನೂ ಬಿಟ್ಟೆ. ಕಾನನ ಪದ್ಯದಲ್ಲೊಮ್ಮೆ ಬಂದು ಹೋಗುತ್ತದೆ, ಅರಣ್ಯ ಪತ್ರಿಕೆಯಲ್ಲಿ, ಇಲಾಖೆಯ ಫಲಕದಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಅಂಥವನ್ನು ಆರಿಸಿ, ಎರಡು ದಿನ ಬಿಟ್ಟು ಕೇಳಿದೆ, ವಾರ ಬಿಟ್ಟು ಮತ್ತೆ ಕೇಳಿದೆ, ಸ್ವಂತ ವಾಕ್ಯದಲ್ಲಿ ಹೇಳಿಸಿದೆ.

ಆ ಹುಡುಗಿಯ ವಹಿಯನ್ನು ಮರಳಿ ಕೇಳಿ ಪಡೆದೆ. ಕೆಂಪು ಶಾಯಿ ಅಳಿಸಲು ಬರುವುದಿಲ್ಲ. ಪ್ರತಿ ಗೆರೆಯ ಪಕ್ಕದಲ್ಲಿ ‘ಇದೂ ಸರಿ’ ಎಂದು ಬರೆದು ಹತ್ತಕ್ಕೆ ಹತ್ತು ಅಂಕ ಹಾಕಿದೆ. ಅವಳು ನೋಡಿದಳು, ಏನೂ ಅನ್ನಲಿಲ್ಲ. ಬಹಳ ದಿನಗಳ ಮೇಲೆ ಪಾಠ ಓದುತ್ತ ‘ಈರುಳ್ಳಿ’ಯ ಹತ್ತಿರ ನಿಂತು, “ಅಂದ್ರ ಉಳ್ಳಾಗಡ್ಡಿ, ಹೌದಲ್ರಿ ಅಕ್ಕೋರ?” ಎಂದಳು. ಹೌದು ಎಂದೆ.

ಈಗ ಪಟ್ಟಣದ ನಮ್ಮ ಮನೆಗಳಲ್ಲಿ ಈರುಳ್ಳಿಯೂ ಹೋಗಿ ‘ಆನಿಯನ್’ ಬಂದಿದೆ. ಬರಲಿ, ಅದೂ ಒಂದು ಶಬ್ದವೇ. ಆದರೆ ಅಜ್ಜಿಯ ಮಾತಿಗೆ ಮೊಮ್ಮಗು ಕಿಸಕ್ಕನೆ ನಕ್ಕಾಗ ಅಡಿಗೆಮನೆಯಲ್ಲಿ ನಿಂತ ನಾವು ಏನು ಮಾಡುತ್ತೇವೆ? ಕೆಂಪು ಪೆನ್ನು ಅಕ್ಕೋರ ಕೈಯಲ್ಲಿ ಮಾತ್ರ ಇರುವುದಿಲ್ಲ.