ಕೇಳುವುದು ಎಂದರೆ

'ಹೇಳಿದ ಮಾತು ಮೀರುವವಳಲ್ಲ' ಎಂಬುದು ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಸಿಗುವ ದೊಡ್ಡ ಹೊಗಳಿಕೆ. ವಿಧೇಯತೆ ನಿಜಕ್ಕೂ ಗುಣವೇ?

ಕಂಪ್ಯೂಟರಿನೊಳಗೆ 'ಶೆಲ್' ಎಂಬುದೊಂದಿದೆ. ಬರೆದಿಟ್ಟ ಆಜ್ಞೆಗಳನ್ನು ಸಾಲಾಗಿ ಓದಿ ನಡೆಸಿಕೊಡುವುದು ಅದರ ಕೆಲಸ. ಸಾವಿರ ಕಡತಗಳಿಗೆ ಹೊಸ ಹೆಸರಿಡುವಂಥ ಬೇಸರದ ದುಡಿಮೆಯನ್ನು ನಾಲ್ಕು ಸಾಲು ಬರೆದುಕೊಟ್ಟರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತದೆ. ಅಧಿಕಾರವಿದ್ದವರು ಎಲ್ಲವನ್ನೂ ಅಳಿಸು ಎಂದರೆ ಅಷ್ಟೇ ಶ್ರದ್ಧೆಯಿಂದ ಅಳಿಸುತ್ತದೆ.

ಬ್ರಯಾನ್ ಫಾಕ್ಸ್ 1989ರಲ್ಲಿ ಹೊರತಂದ 'ಬ್ಯಾಶ್' ಎಂಬ ಶೆಲ್ಲಿನಲ್ಲಿ ಒಂದು ದೋಷ ಸೇರಿಕೊಂಡಿತ್ತು. ಹೊರಗಿನಿಂದ ಬಂದ ಮಾಹಿತಿಯ ಬಾಲಕ್ಕೆ ಯಾರಾದರೂ ಆಜ್ಞೆಯನ್ನು ಅಂಟಿಸಿದರೆ ಅದನ್ನೂ ನಡೆಸಿಬಿಡುತ್ತಿತ್ತು. 2014ರ ಸೆಪ್ಟೆಂಬರಿನಲ್ಲಿ ಸ್ಟೆಫಾನ್ ಶಾಜೆಲಾಸ್ ಕಂಡುಹಿಡಿಯುವವರೆಗೆ, ಸುಮಾರು 25 ವರ್ಷ, ಲೋಕಕ್ಕೆ ಅದರ ಸುಳಿವಿರಲಿಲ್ಲ. 'ಶೆಲ್‌ಶಾಕ್' ಎಂಬ ಹೆಸರಿನಲ್ಲಿ ಸುದ್ದಿಯಾದ ಕೂಡಲೇ ಕಳ್ಳರು ಜಗತ್ತಿನ ಯಂತ್ರಗಳಿಗೆ ಮುಗಿಬಿದ್ದರು.

ಯಂತ್ರವನ್ನು ದೂರುವಂತಿಲ್ಲ. ಅದು ಹೇಳಿದ್ದನ್ನು ಮಾಡಿತು. ಹೇಳಿದವರು ಯಾರೆಂದು ವಿಚಾರಿಸುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ, ಅಷ್ಟೆ.

ಕನ್ನಡದಲ್ಲಿ 'ಕೇಳು' ಎಂಬ ಒಂದೇ ಪದಕ್ಕೆ ಆಲಿಸು ಎಂದೂ ಅರ್ಥ, ಪ್ರಶ್ನಿಸು ಎಂದೂ ಅರ್ಥ. ಮಗಳಿಗೆ ಮೊದಲನೆಯದನ್ನು ಮಾತ್ರ ಕಲಿಸಿದರೆ ನಾವು ಅರ್ಧ ಪಾಠವನ್ನಷ್ಟೇ ಹೇಳಿಕೊಟ್ಟಂತೆ.